ಪಿಎಸ್4ಕ್ಕಾ, ಪಿಎಸ್5ಕ್ಕಾ? ‘ಹೊರೈಜನ್’ ಎರಡನೇ ಭಾಗ ಕೊಂಡ ನನ್ನ ಅನುಭವ

2021ರ ಏಪ್ರಿಲ್‌ನಲ್ಲಿ ಸೋನಿಯವರು ‘ಹೊರೈಜನ್ ಜೀರೋ ಡಾನ್’ ಗೇಮನ್ನು ಕೆಲವು ವಾರಗಳ ಮಟ್ಟಿಗೆ ಎಲ್ಲರಿಗೂ ಬಿಟ್ಟಿ ಕೊಟ್ಟರು. ಕೊರೊನಾದ ಎರಡನೇ ಅಲೆ, ಮನೆಯಿಂದ ಆಚೆ ಕಾಲಿಡುವಂತಿರಲಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ 500 ಜಿಬಿಯ ಪಿಎಸ್4 ಸ್ಲಿಮ್ ಇತ್ತು, ಅಂದರೆ ಸೋನಿಯ ಪ್ಲೇಸ್ಟೇಷನ್ 4 ಅನ್ನುವ ಗೇಮ್ ಯಂತ್ರ (ಕನ್ಸೋಲ್). ಸುಮ್ಮನೆ ಇಳಿಸಿಕೊಂಡೆ. ಕುಲದಿಂದ ಹೊರಗಿಟ್ಟ ಹುಡುಗಿ ಏಲಾಯ್, ತನ್ನ ತಾಯಿ ಯಾರು ಅಂತ ಕೇಳಿಕೊಂಡು ಹೊರಡುವ ಕತೆ ಅದು. ಪ್ರಾಣಿಗಳ ಹಾಗೆ ಓಡಾಡುವ ಯಂತ್ರಗಳು, ಕೈಯಲ್ಲಿ ಬಿಲ್ಲು ಬಾಣ. ಕೊನೆಗೆ ಅವಳಿಗೆ ಉತ್ತರ ಸಿಕ್ಕಿದ ರಾತ್ರಿ ನಾನು ಕಂಟ್ರೋಲರ್ ಕೆಳಗಿಟ್ಟು ಎಷ್ಟೋ ಹೊತ್ತು ಹಾಗೇ ಕೂತಿದ್ದೆ.

ಮೇ ತಿಂಗಳ ಕೊನೆಯಲ್ಲಿ ಎರಡನೇ ಭಾಗ ‘ಹೊರೈಜನ್ ಫರ್ಬಿಡನ್ ವೆಸ್ಟ್’ ಆಡುವ ದೃಶ್ಯಗಳು ಹೊರಬಂದವು. ಪಾಳುಬಿದ್ದ ಸ್ಯಾನ್ ಫ್ರಾನ್ಸಿಸ್ಕೋ, ಸಮುದ್ರದ ಒಳಗೆ ಈಜು, ಮೈತುಂಬ ಆಯುಧ ಹೊತ್ತ ಆನೆಯಂಥ ಯಂತ್ರ. ಅದರ ಬೆನ್ನ ಮೇಲೆ ಶತ್ರುಗಳು ಕೂತು ಬರುತ್ತಾರೆ. ದಸರಾ ಆನೆಗಳನ್ನು ಚಿಕ್ಕಂದಿನಿಂದ ರಸ್ತೆಬದಿಯಲ್ಲಿ ನಿಂತು ನೋಡಿದವನಿಗೆ ಅದನ್ನು ಕಂಡು ಮೈ ಜುಮ್ಮೆಂದಿತು. ಗೇಮ್ ಬೇಕು ಅನ್ನುವುದು ಅವತ್ತೇ ತೀರ್ಮಾನವಾಯಿತು. ಆದರೆ ತೋರಿಸಿದ್ದು ಮುಂದಿನ ತಲೆಮಾರಿನ ಯಂತ್ರ ಪಿಎಸ್5ನಲ್ಲಿ ಹಿಡಿದ ದೃಶ್ಯ, ನನ್ನ ಹತ್ತಿರ ಇದ್ದದ್ದು ಪಿಎಸ್4.

ಪಿಎಸ್5 ನಮ್ಮ ದೇಶಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಡಿಸ್ಕ್ ಹಾಕುವಂಥದ್ದು 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಎಡಿಷನ್ 39,990. ದುಡ್ಡು ಕೂಡಿಸಿಟ್ಟಿದ್ದರೂ ಸಿಗುತ್ತಿರಲಿಲ್ಲ. ಆನ್‌ಲೈನ್ ಬುಕಿಂಗ್ ತೆರೆದ ಕೆಲವೇ ನಿಮಿಷಕ್ಕೆ ಖಾಲಿ. ಒಮ್ಮೆಯಂತೂ ದುಡ್ಡು ಕಟ್ಟಿ, ಎರಡು ದಿನ ಬಿಟ್ಟು ಆರ್ಡರ್ ರದ್ದಾಗಿದೆ ಅಂತ ಮೆಸೇಜ್ ಬಂತು. ಅವತ್ತು ಅನ್ನ ಸೇರಲಿಲ್ಲ. ಹಾಗಾಗಿ ಗೇಮ್ ಬರುವ ಹೊತ್ತಿಗೆ ಮನೆಯಲ್ಲಿ ಯಾವ ಯಂತ್ರ ಇರುತ್ತೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಇಂಥ ಸ್ಥಿತಿಯಲ್ಲಿ ಸೆಪ್ಟೆಂಬರ್‌ನಲ್ಲಿ ಮುಂಗಡ ಬುಕಿಂಗ್ ಶುರುವಾಯಿತು. ಮಾಮೂಲಿ ಎಡಿಷನ್‌ನ ಪಿಎಸ್4 ಪ್ರತಿ ಕೊಂಡವರಿಗೆ ಪಿಎಸ್5 ಪ್ರತಿ ಸಿಗುವುದಿಲ್ಲ ಅಂತ ಮೊದಲು ಹೇಳಿದರು. ಪಿಎಸ್4ನಿಂದ ಪಿಎಸ್5ಗೆ ಅಪ್‌ಗ್ರೇಡ್ ಉಚಿತ ಅಂತ ಮುಂಚೆ ಮಾತು ಕೊಟ್ಟಿದ್ದರಿಂದ ಆಟಗಾರರು ರೊಚ್ಚಿಗೆದ್ದರು. ಎರಡೇ ದಿನದಲ್ಲಿ ಸೋನಿ ಮಾತು ಬದಲಿಸಿತು: ಫರ್ಬಿಡನ್ ವೆಸ್ಟ್‌ಗೆ ಅಪ್‌ಗ್ರೇಡ್ ಉಚಿತ, ಮುಂದೆ ಎರಡೂ ಕನ್ಸೋಲ್‌ಗೆ ಬರುವ ಸೋನಿಯ ಸ್ವಂತ ಗೇಮ್‌ಗಳಿಗೆ 10 ಡಾಲರ್. ನಮ್ಮಲ್ಲಿ ಪಿಎಸ್4 ಪ್ರತಿ 3,999 ರೂಪಾಯಿ, ಪಿಎಸ್5 ಪ್ರತಿ 4,999. ಅಂದರೆ ಪಿಎಸ್4ದೇ ತಗೊಂಡರೆ ಸಾವಿರ ರೂಪಾಯಿ ಉಳಿತಾಯ, ಮುಂದೆ ಪಿಎಸ್5 ಬಂದಾಗ ಅದರ ಪ್ರತಿಯೂ ಕೈಗೆ ಬರುತ್ತೆ.

ಕೇಳಲಿಕ್ಕೆ ಸಲೀಸು. ಆದರೂ ನಾನು ತಕ್ಷಣ ಬುಕ್ ಮಾಡಲಿಲ್ಲ. ಈ ಉಳಿತಾಯದ ಹಿಂದೆ ಇನ್ನೊಂದು ಲೆಕ್ಕ ಇತ್ತು. ಡಿಸ್ಕ್ ಕೊಂಡರೆ ಅಪ್‌ಗ್ರೇಡ್ ಆದಮೇಲೂ ಆಡುವಾಗೆಲ್ಲ ಆ ಡಿಸ್ಕನ್ನು ಯಂತ್ರಕ್ಕೆ ಹಾಕಲೇಬೇಕು. ಹಾಗಾಗಿ ನಾನು ಮುಂದೆ ಕೊಳ್ಳುವ ಪಿಎಸ್5 ಕೂಡ ಡಿಸ್ಕ್ ಇರುವಂಥದ್ದೇ ಆಗಬೇಕು, 39,990 ರೂಪಾಯಿಯದ್ದರ ಕಡೆ ನೋಡುವ ಹಾಗೇ ಇಲ್ಲ. ಇವತ್ತು ಒಂದು ಡಿಸ್ಕ್ ತಗೊಂಡರೆ ನಾಳೆ ಹತ್ತು ಸಾವಿರ ಹೆಚ್ಚು ಕೊಡುತ್ತೇನೆ ಅಂತ ಒಪ್ಪಿಕೊಂಡ ಹಾಗೆ.

ಅದಕ್ಕೆ ಒಂದು ಭಾನುವಾರ ಕೂತು, ಹಿಂದಿನ ಮೂರು ವರ್ಷದಲ್ಲಿ ಕೊಂಡ ಗೇಮ್‌ಗಳನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆದೆ. ಡಿಸ್ಕ್ ತಗೊಂಡದ್ದು ಹನ್ನೊಂದು. ಅದರಲ್ಲಿ ಏಳನ್ನು ಆಡಿ ಮುಗಿಸಿ ಮಾರಿದ್ದೆ, ಹೆಚ್ಚಿನವು ಕೊಂಡ ಬೆಲೆಯ ಅರ್ಧಕ್ಕಿಂತ ಮೇಲೇ ಹೋಗಿದ್ದವು. ಬೆಂಗಳೂರಿಗೆ ಹೋದಾಗ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ಒಂದು ಸುತ್ತು ಹಾಕುವುದು ನನ್ನ ಹಳೇ ಅಭ್ಯಾಸ. ಅಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗೆ ಬೆಲೆ ಕಟ್ಟುವವರು ಹೇಳುವುದು ಒಂದೇ ಮಾತು: “ಸಾರ್, ಮೊದಲನೇ ತಿಂಗಳು ತಂದ್ರೆ ಒಂದು ರೇಟು, ಆಫರ್ ಬಿದ್ಮೇಲೆ ತಂದ್ರೆ ಇನ್ನೊಂದು.” ಡಿಜಿಟಲ್ಲಾಗಿ, ಅಂದರೆ ಡಿಸ್ಕ್ ಇಲ್ಲದೆ ಇಂಟರ್ನೆಟ್‌ನಿಂದ ಇಳಿಸಿ ಕೊಂಡದ್ದು ಆರು, ಆ ಆರರಲ್ಲಿ ಒಂದು ರೂಪಾಯಿಯೂ ವಾಪಸ್ ಬಂದಿರಲಿಲ್ಲ. ಹತ್ತು ಸಾವಿರದ ವ್ಯತ್ಯಾಸ ನನ್ನ ಚಾಳಿಗೆ ಎರಡು ವರ್ಷದೊಳಗೆ ತೀರುತ್ತೆ ಅಂತ ಕಂಡಿತು. ವರ್ಷಕ್ಕೆ ಒಂದೋ ಎರಡೋ ಗೇಮ್ ಆಡಿ ಅದನ್ನೇ ಇಟ್ಟುಕೊಳ್ಳುವವರಿಗೆ ಇದೇ ಲೆಕ್ಕ ಉಲ್ಟಾ ಹೊಡೆಯುತ್ತೆ. ಅವರು ನನ್ನ ದಾರಿ ಹಿಡಿಯಬಾರದು.

ಇನ್ನೊಂದು ಭಯ ಹಳೇ ಯಂತ್ರದ್ದು. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಅನ್ನುವ ಗೇಮ್ ಪಿಎಸ್4ನಲ್ಲಿ ಎಷ್ಟು ಕೆಟ್ಟದಾಗಿ ಓಡಿತ್ತೆಂದರೆ ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆದುಹಾಕಿತ್ತು. ವಾಪಸ್ ಬಂದದ್ದು ಮುಂದಿನ ಜೂನ್‌ನಲ್ಲಿ. ಎರಡು ತಲೆಮಾರಿನ ಕನ್ಸೋಲ್‌ಗೆ ಒಂದೇ ಗೇಮ್ ಬಂದಾಗ ಹಳೆಯದರಲ್ಲಿ ಅದು ಹೇಗೆ ಓಡುತ್ತೆ ಅಂತ ನೋಡದೆ ದುಡ್ಡು ಕೊಡಬಾರದು ಅನ್ನುವುದು ಅವತ್ತಿನಿಂದ ನನ್ನ ನಿಯಮ. ಆದ್ದರಿಂದ ಮುಂಗಡ ಬುಕ್ ಮಾಡದೆ, 2022ರ ಫೆಬ್ರವರಿ 18ರಂದು ಗೇಮ್ ಬಿಡುಗಡೆಯಾಗುವ ತನಕ ಕಾದೆ. ವಿಮರ್ಶೆ ಓದಿದ್ದು ಕಡಿಮೆ. ಕತೆ ಚೆನ್ನಾಗಿದೆಯಾ ಅನ್ನುವುದು ನನ್ನ ಪ್ರಶ್ನೆಯೇ ಆಗಿರಲಿಲ್ಲ. ಮಾಮೂಲಿ ಪಿಎಸ್4ನಲ್ಲಿ ಆಡಿ ತೋರಿಸುವ ವಿಡಿಯೋಗಳನ್ನಷ್ಟೇ ಹುಡುಕಿ ಹುಡುಕಿ ನೋಡಿದೆ. ಪಿಎಸ್4 ಪ್ರೋನಲ್ಲಿ ತೆಗೆದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅದು ಬೇರೆಯೇ ಶಕ್ತಿಯ ಯಂತ್ರ. ಚಿತ್ರದ ಸ್ಪಷ್ಟತೆ 1080ಪಿ, ಸೆಕೆಂಡಿಗೆ 30 ಫ್ರೇಮ್ (ಚಿತ್ರ), ಜಗಳ ಜೋರಾದಾಗಲೂ ಅಷ್ಟಾಗಿ ತಡವರಿಸುತ್ತಿರಲಿಲ್ಲ. ಈ ಗೇಮ್ ಮಾಡಿದ ಆಮ್‌ಸ್ಟರ್‌ಡ್ಯಾಮಿನ ಗೆರಿಲ್ಲಾ ಗೇಮ್ಸ್‌ನವರು 2013ರ ಯಂತ್ರದಿಂದ ಇಷ್ಟು ಕೆಲಸ ತೆಗೆದದ್ದು ಈಗಲೂ ನನಗೆ ಸೋಜಿಗ.

ಅಷ್ಟರಲ್ಲಿ ವಾರದ ಅಂತರದಲ್ಲಿ, ಫೆಬ್ರವರಿ 25ಕ್ಕೆ, ‘ಎಲ್ಡನ್ ರಿಂಗ್’ ಅನ್ನುವ ಇನ್ನೊಂದು ಗೇಮ್ ಬರುವುದಿತ್ತು. ಗೆಳೆಯ ಅದಕ್ಕೇ ಕಾಯುತ್ತಿದ್ದ. “ಮಗಾ, ನಿನ್ನ ಹುಡುಗಿ ಕತೆ ಎಲ್ಲಿಗೂ ಹೋಗಲ್ಲ, ಇದನ್ನ ಎಲ್ಲರ ಜೊತೆ ಮೊದಲ ವಾರವೇ ಆಡ್ಬೇಕು” ಅಂದ. ಅವನ ಮಾತಲ್ಲಿ ಹುರುಳಿತ್ತು. ಇಡೀ ಊರು ಒಟ್ಟಿಗೆ ಗುಟ್ಟು ಹುಡುಕುವ ಗೇಮಿಗೆ ಮೊದಲ ವಾರದ ಬೆಲೆಯೇ ಬೇರೆ. ಆದರೆ ಜೀರೋ ಡಾನ್ ಮುಗಿಸಿ ಎಂಟು-ಒಂಬತ್ತು ತಿಂಗಳಷ್ಟೇ ಆಗಿತ್ತು. ಮುಂದುವರಿದ ಭಾಗವನ್ನು ಮೊದಲನೆಯದರ ನೆನಪು ಹಸಿಯಿದ್ದಾಗ ಆಡಿದರೇ ರುಚಿ. ಇನ್ನೊಂದು ವರ್ಷ ಬಿಟ್ಟರೆ ಯಾರು ಯಾರ ಮಗಳು ಅನ್ನುವುದೂ ಮರೆತಿರುತ್ತೆ.

ಮನೆಯಾಕೆ ಕೇಳಿದ್ದು ಒಂದೇ: “ರೀ, ಮೊದಲನೇದು ಬಿಟ್ಟಿ ಬಂತು, ಎರಡನೇದಕ್ಕೆ ನಾಲ್ಕು ಸಾವಿರಾನಾ?” ನೋಟ್‌ಬುಕ್ ತೋರಿಸಿದೆ. ಪೂರ್ತಿ ನೋಡಿ, “ಮಾರೋ ಲೆಕ್ಕ ಬರೆದಿದ್ದೀರಲ್ಲ, ಇದನ್ನೂ ಮಾರ್ತೀರಾ?” ಅಂದಳು. ಅದಕ್ಕೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಿಡುಗಡೆಯಾಗಿ ಐದನೇ ದಿನ ಪಿಎಸ್4 ಪ್ರತಿ ತಂದೆ. ಡಬ್ಬಿಯೊಳಗೆ ಎರಡು ಡಿಸ್ಕ್. ಒಂದು ಗೇಮಿನ ಮಾಹಿತಿಯನ್ನು ಒಳಗೆ ತುಂಬಿಸಲಿಕ್ಕೆ, ಇನ್ನೊಂದು ಆಡಲಿಕ್ಕೆ. ಜಾಗ ಮಾಡಲು ಮೂರು ಗೇಮ್ ಅಳಿಸಬೇಕಾಯಿತು. ಫ್ಯಾನಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಅದನ್ನು ಬಿಟ್ಟರೆ ನನಗೆ ಏನೂ ಕೊರತೆ ಅನ್ನಿಸಲಿಲ್ಲ. ಉದ್ದ ಕತ್ತಿನ ಜಿರಾಫೆಯಂಥ ಯಂತ್ರದ ತಲೆ ಮೇಲೆ ಹತ್ತಿ ನಿಂತು ಸುತ್ತಲಿನ ಸೀಮೆಯನ್ನೆಲ್ಲ ನೋಡುವಾಗ, ಅದು ಎಷ್ಟು ಪಿಕ್ಸೆಲ್ ಅಂತ ಎಣಿಸುವ ಮನಸ್ಸು ಯಾರಿಗೆ ಬರುತ್ತೆ.

ಪಿಎಸ್5 ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ, ಡಿಸ್ಕ್ ಇರುವಂಥದ್ದು, 49,990ಕ್ಕೆ. ಆ ನವೆಂಬರ್‌ನಲ್ಲಿ ಅದರ ಬೆಲೆ 54,990 ಆಯಿತು. ಆಡುವ ಡಿಸ್ಕನ್ನು ಹೊಸ ಯಂತ್ರಕ್ಕೆ ಹಾಕಿದೆ, ಪಿಎಸ್5 ಪ್ರತಿ ಉಚಿತ ಅಂತ ತೋರಿಸಿತು. ಇಡೀ ಗೇಮನ್ನು ಮತ್ತೆ ಇಂಟರ್ನೆಟ್‌ನಿಂದ ಇಳಿಸಬೇಕು ಅನ್ನುವುದನ್ನು ನೆನಪಿಡಿ, ಡಿಸ್ಕಿನಲ್ಲಿ ಇರುವುದು ಪಿಎಸ್4ದು ಮಾತ್ರ. ನನಗೆ ಅದಕ್ಕೊಂದು ರಾತ್ರಿ ಹಿಡಿಯಿತು. ಹಳೇ ಸೇವ್ ಅನ್ನು (ಎಲ್ಲಿಯ ತನಕ ಆಡಿದ್ದೇನೆ ಅನ್ನುವ ದಾಖಲೆ) ಪೆನ್‌ಡ್ರೈವಿಗೆ ಹಾಕಿಕೊಂಡು ಹೊಸದಕ್ಕೆ ತಂದು, ಆಮೇಲೆ ಗೇಮಿನ ಒಳಗಿನಿಂದಲೇ ಅದನ್ನು ಎಳೆದುಕೊಂಡೆ. ಈ ಸೇವ್ ದಾಟುತ್ತಾ ಅನ್ನುವುದನ್ನು ಕೊಳ್ಳುವ ಮುಂಚೆಯೇ ಖಾತ್ರಿ ಮಾಡಿಕೊಂಡಿದ್ದೆ. ಎಪ್ಪತ್ತು ಗಂಟೆ ಆಡಿದ್ದು ಹಳೇ ಯಂತ್ರದಲ್ಲೇ ಉಳಿದುಬಿಟ್ಟರೆ ಉಚಿತ ಅಪ್‌ಗ್ರೇಡ್ ಇಟ್ಟುಕೊಂಡು ಏನು ಮಾಡುವುದು? ನನ್ನ ಮಟ್ಟಿಗೆ ಬೆಲೆಗಿಂತ ದೊಡ್ಡ ಪ್ರಶ್ನೆ ಇದೇ. ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಬಾಣ ಬಿಡುವುದು ಬೇರೆಯದೇ ಗೇಮ್ ಆಡಿದ ಹಾಗಿತ್ತು. ಆ ಮೋಡ್‌ನಲ್ಲಿ ಮೊದಮೊದಲು ಚಿತ್ರ ಮಿನುಗುತ್ತಿದೆ ಅನ್ನುವ ದೂರು ಇತ್ತು, ನಾನು ಬರುವ ಹೊತ್ತಿಗೆ ಅಪ್‌ಡೇಟ್‌ಗಳಲ್ಲಿ ಸುಧಾರಿಸಿತ್ತು.

ಆಮೇಲೆ ಆದದ್ದನ್ನೂ ಹೇಳಬೇಕು, ಯಾಕೆಂದರೆ ನನ್ನ ಲೆಕ್ಕದಲ್ಲಿ ಅದು ಇರಲೇ ಇಲ್ಲ. 2023ರ ಫೆಬ್ರವರಿಯಲ್ಲಿ, ಬಿಡುಗಡೆಯಾಗಿ ಹೆಚ್ಚುಕಮ್ಮಿ ಒಂದು ವರ್ಷಕ್ಕೆ, ಇದೇ ಗೇಮ್ ಸೋನಿಯ ಚಂದಾ ಸೇವೆ ಪಿಎಸ್ ಪ್ಲಸ್ ಎಕ್ಸ್‌ಟ್ರಾದ ಚಂದಾದಾರರಿಗೆ ಸಿಕ್ಕಿತು. ಗೆಳೆಯ ಅಲ್ಲಿಯ ತನಕ ಕಾದು, ಬೇರೆ ದುಡ್ಡು ಕೊಡದೆ ಆಡಿದ. ಏಪ್ರಿಲ್ 19ಕ್ಕೆ ‘ಬರ್ನಿಂಗ್ ಶೋರ್ಸ್’ ಅನ್ನುವ ಹೆಚ್ಚುವರಿ ಕತೆ ಬಂತು, ಅದು ಪಿಎಸ್5ಕ್ಕೆ ಮಾತ್ರ. ನನ್ನ ಹಾಗೇ ಪಿಎಸ್4 ಡಿಸ್ಕ್ ಕೊಂಡು ಹಳೇ ಯಂತ್ರದಲ್ಲೇ ಉಳಿದವರಿಗೆ ಏಲಾಯ್‌ಳ ಕತೆ ಅರ್ಧಕ್ಕೆ ನಿಂತಿತು. ನನಗೆ ಅದು ನಿಜಕ್ಕೂ ನೋವು ಕೊಟ್ಟ ವಿಷಯ. ಕಂಪ್ಯೂಟರಿಗೆ ಎಲ್ಲ ಸೇರಿಸಿ ಬಂದದ್ದು 2024ರ ಮಾರ್ಚ್ 21ಕ್ಕೆ. ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್‌ಗೆ ಬರಲೇ ಇಲ್ಲ.

2025ರ ಸೆಪ್ಟೆಂಬರ್ 4ಕ್ಕೆ, ‘ಹಾಲೋ ನೈಟ್’ ಅನ್ನುವ ಗೇಮಿನ ಮುಂದಿನ ಭಾಗ ‘ಸಿಲ್ಕ್‌ಸಾಂಗ್’ ಬಂದಾಗ ಇದೇ ನೋಟ್‌ಬುಕ್ ತೆಗೆದೆ. 2019ರಲ್ಲಿ ಘೋಷಣೆಯಾದ ಗೇಮ್, ಅಡಿಲೇಡಿನ ಸಣ್ಣ ತಂಡದ್ದು, 20 ಡಾಲರ್, ಪ್ಲೇಸ್ಟೇಷನ್ ಎಕ್ಸ್‌ಬಾಕ್ಸ್ ಸ್ವಿಚ್ ಕಂಪ್ಯೂಟರ್ ಎಲ್ಲದಕ್ಕೂ ಒಂದೇ ದಿನ. ಅಲ್ಲಿ ಮಾರುವ ಲೆಕ್ಕ ಇಲ್ಲ, ಮೊದಲ ದಿನ ಡಿಸ್ಕೇ ಇಲ್ಲ. ಮೈಕ್ರೋಸಾಫ್ಟ್‌ನ ಚಂದಾ ಸೇವೆ ಗೇಮ್ ಪಾಸ್ ಇದ್ದವರಿಗೆ ಅವತ್ತೇ ಅದರೊಳಗೆ ಸಿಕ್ಕಿತು. ನನಗೆ ಅದು ಮಲಗುವ ಮುಂಚೆ ಅರ್ಧ ಗಂಟೆ ಕೈಯಲ್ಲಿ ಹಿಡಿದು ಆಡುವ ಗೇಮ್. ತಮ್ಮ ದುಬೈಯಿಂದ ತಂದುಕೊಟ್ಟ ಸ್ವಿಚ್ (ನಿಂಟೆಂಡೊದ ಕೈಯಲ್ಲಿ ಹಿಡಿಯುವ ಕನ್ಸೋಲ್) ಇತ್ತು, ಮುಂದೆ ಸ್ವಿಚ್ 2 ತಗೊಂಡರೆ ಅಪ್‌ಗ್ರೇಡ್ ಉಚಿತ. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು.

ಫರ್ಬಿಡನ್ ವೆಸ್ಟ್ ಡಿಸ್ಕನ್ನು ನಾನು ಮಾರಲಿಲ್ಲ. ಮಾರಿದ್ದರೆ ಬರ್ನಿಂಗ್ ಶೋರ್ಸ್ ಆಡುವಂತಿರಲಿಲ್ಲ. ಅದನ್ನೂ ಮುಗಿಸಿದ ಮೇಲೆ ಒಮ್ಮೆ ಬೆಲೆ ವಿಚಾರಿಸಿದೆ, ಹೇಳಿದ ಮೊತ್ತಕ್ಕೆ ಕೊಡಲು ಮನಸ್ಸಾಗಲಿಲ್ಲ. ಹೋದ ಬೇಸಿಗೆ ರಜೆಗೆ ಹಾಸನದಿಂದ ಅಕ್ಕನ ಮಗ ಬಂದಿದ್ದ. ನನ್ನ ಹಳೇ ಪಿಎಸ್4 ಈಗ ಅವನ ಮನೆಯಲ್ಲಿದೆ. ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಮೊದಲು ಯಾವ ಡಿಸ್ಕ್, ಆಮೇಲೆ ಯಾವುದು ಅಂತ ತೋರಿಸಿದೆ. ಎರಡು ತಿಂಗಳು ಬಿಟ್ಟು ಫೋನ್ ಮಾಡಿದ: “ಮಾವ, ಮುಗೀತು. ಇದರ ಮುಂದಿಂದು ಒಂದಿದೆಯಂತೆ, ನನ್ನದರಲ್ಲಿ ಯಾಕೆ ಬರ್ತಿಲ್ಲ?”

“ಅದು ಪಿಎಸ್5ಕ್ಕೆ ಮಾತ್ರ ಕಣೋ. ದೀಪಾವಳಿಗೆ ಬಾ, ಇಲ್ಲೇ ಕೂತು ಆಡುವಿಯಂತೆ. ಬರುವಾಗ ಡಿಸ್ಕ್ ತಗೊಂಡು ಬಾ, ಅದಿಲ್ಲದೆ ಇಲ್ಲೂ ಓಡಲ್ಲ,” ಅಂದೆ.