ಸ್ಟೀರಿಂಗ್ ಬಾಕ್ಸ್ ನಿರಪರಾಧಿ: ಹಳೆಯ ಮನೆಗಾಡಿಯ ಕೆಳಗೆ ಮಲಗಿ ಕಂಡದ್ದು

ಮೂರು ಸಲ ಅಲೈನ್‌ಮೆಂಟ್, ಎರಡು ಸಲ ಬ್ಯಾಲೆನ್ಸಿಂಗ್, ಮುಂದಕ್ಕೆ ಎರಡು ಹೊಸ ಟಯರ್. ಇಷ್ಟಾದ ಮೇಲೂ ಚಾರ್ಮಾಡಿ ಇಳಿದು ಉಜಿರೆಯ ಕಡೆ ನೇರ ರಸ್ತೆ ಸಿಕ್ಕಿ ವೇಗ ಅರವತ್ತು ಮುಟ್ಟಿದರೆ ಒಂದೇ ಒಂದು ಹೊಂಡ ಸಾಕಿತ್ತು; ಸ್ಟೀರಿಂಗ್ ಚಕ್ರ ಕಂಬಳದ ಕೋಣದಂತೆ ಕೈಯನ್ನು ಎಳೆದಾಡುತ್ತಿತ್ತು. ಬ್ರೇಕ್ ಒತ್ತಿ ನಲವತ್ತಕ್ಕೆ ಇಳಿಸುವವರೆಗೂ ಬಿಡುತ್ತಿರಲಿಲ್ಲ. ಹಿಂದೆ ಪಾತ್ರೆಗಳೆಲ್ಲ ನೆಲಕ್ಕೆ.

ಗಾಡಿ ಹಳೆಯ ಟೆಂಪೋ ಟ್ರಾವೆಲರ್, ಪವರ್ ಸ್ಟೀರಿಂಗ್ ಇಲ್ಲದ್ದು. ಸೀಟು ಕಿತ್ತು ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಕೂರಿಸಿದವನು ನಾನೇ. ಜರ್ಮನಿಯ ಮರ್ಸಿಡಿಸ್ ಟಿ1 ವ್ಯಾನಿನ ವಂಶದ ಗಾಡಿ ಇದು. ಮುಂದೆ ಇಡಿಯ ಆಕ್ಸಲ್, ಪಟ್ಟಿ ಸ್ಪ್ರಿಂಗ್, ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲ ತಿರುಗುವ ದಪ್ಪ ಕಡ್ಡಿ. ಕಾರಿನ ಅಭ್ಯಾಸದಲ್ಲಿ ಅದರ ಜಾಗದಲ್ಲಿ ಬಾಲ್ ಜಾಯಿಂಟ್ ಹುಡುಕುತ್ತ ಕೂತರೆ ಸಂಜೆಯಾಗುತ್ತದೆ.

“ಸಾರ್, ಹಳೇ ಗಾಡಿ, ಇಷ್ಟು ಆಟ ಇದ್ದೇ ಇರುತ್ತದೆ” ಎಂದರು ಮೇಸ್ತ್ರಿ. ಆಟ ಎಂದರೆ ಜೋಡಣೆಗಳ ಸಡಿಲ. ಒತ್ತಾಯ ಮಾಡಿದಾಗ ಸ್ಟೀರಿಂಗ್ ಕಂಬದ ಬುಡದ ಗೇರು ಪೆಟ್ಟಿಗೆಯ, ಅಂದರೆ ಸ್ಟೀರಿಂಗ್ ಬಾಕ್ಸಿನ, ಸ್ಕ್ರೂ ಬಿಗಿ ಮಾಡಿದರು. ಆಟ ಕಡಿಮೆಯಾದಂತೆ ಕಂಡಿತು. ಮುಂದಿನ ವಾರ ಘಟ್ಟದಲ್ಲಿ ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ಹಿಂದಿರುಗಲೇ ಇಲ್ಲ. ಬಾಕ್ಸ್ ಸವೆಯುವುದು ನಡುಮಧ್ಯದಲ್ಲಿ. ಅಲ್ಲಿನ ಆಟ ಹೋಗುವಷ್ಟು ಬಿಗಿದರೆ ಪಕ್ಕಗಳಲ್ಲಿ ಹಿಡಿದುಕೊಳ್ಳುತ್ತದೆ. ಹೆದರಿ ಮನೆಗೆ ಬಂದವನೇ ಸ್ಕ್ರೂವನ್ನು ಹಳೆಯ ಗುರುತಿಗೆ ತಿರುಗಿಸಿದೆ. ಇನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಾಗ ನನ್ನ ಭಾವ ನಕ್ಕದ್ದು ಇನ್ನೂ ನೆನಪಿದೆ.

ಮೊದಲ ಪ್ರಯತ್ನ ದಂಡ, ತಪ್ಪು ನನ್ನದೇ. ಹಿಂದಿನ ಸಂಜೆ ಉತ್ಸಾಹದಿಂದ ಎಲ್ಲ ನಿಪ್ಪಲ್‌ಗಳಿಗೂ ಗ್ರೀಸ್ ಹೊಡೆದಿದ್ದೆ. ಹೊಸ ಗ್ರೀಸ್ ತುಂಬಿದರೆ ಪಿನ್ ಕೂರುವ ಸವೆದ ಬಳೆ, ಅಂದರೆ ಬುಷ್ ಕೂಡ ಹೊಸದರಂತೆ ಗಟ್ಟಿಯಾಗಿ ಕೂರುತ್ತದೆ. ಏನೂ ಸಿಗಲಿಲ್ಲ. ಬರೀ ಊಹೆಯಲ್ಲಿ, ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಸರಳಿನ ತುದಿಯ ಕೀಲುಗಳನ್ನು, ಅಂದರೆ ಟೈ ರಾಡ್ ಎಂಡ್ ಎರಡನ್ನೂ ಬದಲಿಸಿ ಸುಮಾರು ಎರಡು ಸಾವಿರ ಕಳೆದೆ. ಬಿಚ್ಚಿದ ಹಳೆಯವು ಚೆನ್ನಾಗಿಯೇ ಇದ್ದವು, ಡಬ್ಬದಲ್ಲಿ ಇಟ್ಟಿದ್ದೇನೆ.

ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ ಮತ್ತೆ ಮಲಗಿದೆ. ಚಕ್ರ ನೆಲದ ಮೇಲೇ ಇರಬೇಕು, ಭಾರ ಪೂರ್ತಿ ಇರಬೇಕು. ಹೆಂಡತಿ ಸ್ಟೀರಿಂಗ್ ಹಿಡಿದು ಒಂದು ಗೇಣಿನಷ್ಟು ಆ ಕಡೆ ಈ ಕಡೆ ಚುರುಕಾಗಿ ಆಡಿಸುತ್ತಿದ್ದಳು. ನಾನು ಬಾಕ್ಸಿನಿಂದ ಶುರುಮಾಡಿ ಒಂದೊಂದೇ ಜೋಡಣೆಯನ್ನು ಎರಡೂ ಭಾಗಕ್ಕೆ ತಾಗುವಂತೆ ಅಂಗೈಯಿಂದ ಅಪ್ಪಿ ಹಿಡಿಯುತ್ತ ಹೋದೆ. ಕಣ್ಣಿಗೆ ಕಾಣದ ಕೂದಲೆಳೆಯ ಆಟವೂ ಅಂಗೈಗೆ ಟಕ್ ಎಂದು ತಿಳಿಯುತ್ತದೆ. “ರೀ, ಇನ್ನೂ ಎಷ್ಟು ಹೊತ್ತು? ಕೈ ಬಿದ್ದುಹೋಯಿತು” ಎನ್ನುವ ಹೊತ್ತಿಗೆ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳಿನ, ಅಂದರೆ ಡ್ರ್ಯಾಗ್ ಲಿಂಕಿನ, ಮುಂದಿನ ಎಂಡ್ ಸಿಕ್ಕಿತ್ತು. ಎಡ ಕಿಂಗ್ ಪಿನ್ ಹತ್ತಿರವೂ ಏನೋ ಮಿಸುಕುತ್ತಿತ್ತು.

ಆಮೇಲೆ ಆಕ್ಸಲ್ ಕೆಳಗೆ ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಆಟವಿತ್ತು. ಚಕ್ರದ ಬೇರಿಂಗೋ ಕಿಂಗ್ ಪಿನ್ನೋ? ಹೆಂಡತಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಬೇರಿಂಗ್ ಆಗಿದ್ದರೆ ಆಟ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಅಂದರೆ ಪಿನ್ನೇ. ಟಯರಿನ ಕೆಳಗೆ ಹಾರೆ ಕೊಟ್ಟು ಎತ್ತಿದರೆ ಮೇಲಕ್ಕೂ ಒಂದಿಷ್ಟು ಎದ್ದಿತು.

ಪಿನ್ ಬಿಚ್ಚಲು ಎರಡು ದಿನ ಹಿಡಿಯಿತು. ಡೀಸೆಲ್, ಬೆಂಕಿ, ಸುತ್ತಿಗೆ ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಬಗ್ಗಿದ್ದು ಹೇಗೆ ಎನ್ನುವುದು ನನ್ನ ಬಳಿಯೇ ಇರಲಿ, ಅದನ್ನು ಕಲಿಯಲು ಒಂದು ಉಗುರು ಕೊಟ್ಟಿದ್ದೇನೆ. ಕೆಳಗಿನ ಬುಷ್ ಒಣಗಿ ತುಕ್ಕಿನ ಪುಡಿಯಾಗಿತ್ತು. ಅದರ ನಿಪ್ಪಲ್ ಕಟ್ಟಿಕೊಂಡು ಗ್ರೀಸ್ ಒಳಗೇ ಹೋಗುತ್ತಿರಲಿಲ್ಲ. ಎರಡೂ ಕಡೆಯ ಪಿನ್ ಬುಷ್ ಕಿಟ್, ಹೊಸ ಬುಷ್ ಪಿನ್ನಿಗೆ ಸರಿಹೊಂದುವಂತೆ ಲೇತಿನವನ ಹತ್ತಿರ ರೀಮಿಂಗ್, ಡ್ರ್ಯಾಗ್ ಲಿಂಕ್ ಎಂಡ್, ಎಲ್ಲ ಸೇರಿ ಏಳು ಸಾವಿರದ ಆಸುಪಾಸು. ಅದಕ್ಕೆ ಮೊದಲು ಊಹೆಗೆ ಸುರಿದದ್ದು, ಟಯರ್ ಬಿಟ್ಟು, ಹತ್ತಿರ ಹತ್ತಿರ ಹತ್ತು ಸಾವಿರ.

ನಡುವೆ ಇನ್ನೊಂದು ಹುಚ್ಚು. ಗಾಡಿ ಸದಾ ಎಡಕ್ಕೆ ಎಳೆಯುತ್ತಿತ್ತು. ಭತ್ತದ ಮಿಲ್ಲಿನ ತೂಕದ ಕಟ್ಟೆಗೆ ಒಯ್ದು ಮೊದಲು ಎಡಬದಿಯ ಚಕ್ರಗಳನ್ನಷ್ಟೇ, ಆಮೇಲೆ ಬಲಬದಿಯವನ್ನಷ್ಟೇ ಏರಿಸಿ ತೂಗಿದೆ. ಎಡಕ್ಕೆ ಸುಮಾರು 180 ಕಿಲೋ ಹೆಚ್ಚು! ನೀರು, ಅಡುಗೆ ಕಟ್ಟೆ, ಎರಡು ಬ್ಯಾಟರಿ ಎಲ್ಲವನ್ನೂ ಅದೇ ಬದಿಗೆ ಹೇರಿದ್ದೆ. ಬ್ಯಾಟರಿಗಳನ್ನು ಬಲಕ್ಕೆ ಸಾಗಿಸಿದ ಮೇಲೆ ಎಳೆತ ಬಹುಪಾಲು ಹೋಯಿತು. ಎಡ ಪಿನ್ ಹೆಚ್ಚು ಸವೆದದ್ದಕ್ಕೂ ಇದೇ ಕಾರಣ ಎಂದು ನನ್ನ ಅನುಮಾನ. ಮಿಲ್ಲಿನವನು ದುಡ್ಡು ತೆಗೆದುಕೊಳ್ಳಲಿಲ್ಲ, ಒಂದು ಚಹಾ ಕುಡಿಸಿ ಕಳಿಸಿದ.

ಈಗ ಸ್ಟೀರಿಂಗ್ ಅಂಚಿನಲ್ಲಿ ಅಳೆದರೆ ಆಟ ಎರಡೂವರೆ ಸೆಂಟಿಮೀಟರ್ ಇರಬಹುದು, ಮೊದಲು ಒಂಬತ್ತರ ಹತ್ತಿರವಿತ್ತು. ಬಾಕ್ಸನ್ನು ಮತ್ತೆ ಮುಟ್ಟಿಲ್ಲ. ಎಪ್ಪತ್ತರಲ್ಲಿ ಹೊಂಡಕ್ಕೆ ಬಿದ್ದರೂ ನಡುಕವಿಲ್ಲ. ಎರಡು ಸಾವಿರ ಕಿಲೋಮೀಟರಿಗೊಮ್ಮೆ ಚಕ್ರ ಎತ್ತಿ, ಭಾರ ಇಳಿಸಿಯೇ ಗ್ರೀಸ್ ಹೊಡೆಯುತ್ತೇನೆ. ಭಾರವಿದ್ದರೆ, ಕಿಂಗ್ ಪಿನ್ನಿನ ಬಳಿ ಗಾಡಿಯ ತೂಕ ಹೊರುವ ಥ್ರಸ್ಟ್ ಬೇರಿಂಗಿಗೆ ಅದು ಸರಿಯಾಗಿ ಇಳಿಯುವುದಿಲ್ಲ. ಹಿಂದಿನ ಬಲ ಪಟ್ಟಿ ಸ್ಪ್ರಿಂಗಿನ ತುದಿ ಹಿಡಿಯುವ ಶ್ಯಾಕಲ್ಲಿನ ಬುಷ್ ಮಾತ್ರ ಇನ್ನೂ ಕಿರುಗುಟ್ಟುತ್ತಿದೆ. ಸೋಪಿನ ನೀರು ಎರಚಿದೆ, ಐದು ನಿಮಿಷ ಸದ್ದಡಗಿತು, ಅಲ್ಲಿಗೆ ಕಳ್ಳ ಯಾರೆಂದು ಗೊತ್ತಾಯಿತು. ಮಳೆ ನಿಂತ ಮೇಲೆ ಅದರ ಸರದಿ. ಆ ದಿನ ಕೆಳಗೆ ಮಲಗಲು ಭಾವನನ್ನೇ ಕರೆದಿದ್ದೇನೆ.