ಬಿದರಿ ಬಾಸ್ ಕಟ್ಟುವುದು ಹೇಗೆ?

ಐವರು ಕೂಡಿ ಆಡುವ ಆನ್‌ಲೈನ್ ಫ್ಯಾಂಟಸಿ ಗೇಮಿಗೆ ಬಾಸ್, ಅಂದರೆ ತಂಡವೆಲ್ಲ ಸೇರಿ ಸೋಲಿಸಬೇಕಾದ ದೊಡ್ಡ ಎದುರಾಳಿಯನ್ನು, ಮಾಡಹೊರಟವರು ಮೊದಲು ಕೊಂಬು, ಕೋರೆಹಲ್ಲು ಬರೆಯಲು ಕೂರುತ್ತಾರೆ. ಅದು ಕೊನೆಯ ಕೆಲಸ. ಮೊದಲು ಬೇಕಾದ್ದು ಒಂದೇ ನಿಯಮ; ಆಟಗಾರ ಎರಡು ಸಲ ಸತ್ತು ಮೂರನೇ ಸಲಕ್ಕೆ ತಾನೇ ಕಂಡುಕೊಳ್ಳುವಂಥದ್ದು.

ಬೀದರಿನವರು ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಬಿದರಿ ಸಾಮಾನಿನಲ್ಲಿ, ಕೆತ್ತಿದ ಗೀರಿಗೆ ಬೆಳ್ಳಿ ತಂತಿ ಬಡಿದು ಕೂರಿಸಿ ಉಜ್ಜಿದಾಗ ಲೋಹಗಳೆರಡೂ ಬೆಳ್ಳಗೇ; ಚಿತ್ತಾರ ಎದ್ದು ಕಾಣದು. ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕದಡಿ ಕಾಯಿಸಿ ಹಚ್ಚಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಾಸ್‌ಗೂ ಇದೇ ನಿಯಮವಿರಲಿ: ಮಣ್ಣು ಎರಚಿದರೆ 20 ಸೆಕೆಂಡ್ ಬೆಳ್ಳಿ ಗೆರೆ ಕಾಣಬೇಕು, ಆಗ ಹೊಡೆದದ್ದೇ ಪೂರ್ತಿ ಪೆಟ್ಟು. ಉಳಿದ ವೇಳೆ ಕಾಲು ಭಾಗ.

ಮಣ್ಣಿನ ಮಡಿಕೆ 40 ಸೆಕೆಂಡಿಗೊಂದು ಬರಲಿ. ಹೊತ್ತವನು ಹೊಡೆಯುವಂತಿಲ್ಲ, ನಡಿಗೆಯೂ ನಿಧಾನ. ಎರಚಿದ ಮೇಲೆ 60 ಸೆಕೆಂಡ್ ಅವನು ಮತ್ತೆ ಮಡಿಕೆ ಮುಟ್ಟಬಾರದು. ಈ ತಡೆ ಇಲ್ಲದಿದ್ದರೆ ತಂಡ ಒಬ್ಬನನ್ನೇ ಹಮಾಲಿಗೆ ಹಚ್ಚುತ್ತದೆ, ಉಳಿದ ನಾಲ್ವರಿಗೆ ನಿಯಮ ಗೊತ್ತೇ ಆಗುವುದಿಲ್ಲ.

ಇನ್ನು ಹೆಲ್ತ್, ಅಂದರೆ ಬಾಸ್ ಸಾಯಲು ಬೀಳಬೇಕಾದ ಒಟ್ಟು ಪೆಟ್ಟು. ಇಲ್ಲಿ ಅಂದಾಜು ಹೊಡೆಯುವವರೇ ಹೆಚ್ಚು. ತಂಡ ಸೆಕೆಂಡಿಗೆ 1,500 ಡ್ಯಾಮೇಜ್ (ಪೆಟ್ಟಿನ ಅಂಕ) ಕೊಡುತ್ತದೆ, ಕಾಳಗ ಆರು ನಿಮಿಷ ನಡೆಯಬೇಕು ಎಂದಿಟ್ಟುಕೊಳ್ಳಿ: 1,500 × 360, ಅಂದರೆ 5,40,000. ಅರ್ಧ ವೇಳೆ ಪೂರ್ತಿ, ಅರ್ಧ ವೇಳೆ ಕಾಲು. ಸರಾಸರಿ ಶೇ 62.5, ಹಾಗಾಗಿ 3,37,500. ಓಡಾಟ, ತಪ್ಪಿಸಿಕೊಳ್ಳುವಿಕೆಗೆ ಶೇ 20 ಕಳೆದರೆ 2,70,000. ಆರಂಭದ ಲೆಕ್ಕ ಇದು.

ಹೆಲ್ತ್ ಶೇ 70ಕ್ಕೆ ಇಳಿದಾಗ ಬಾಸ್ ತನ್ನ ಮೈ ಉಜ್ಜಿ ಮಣ್ಣು ಅಳಿಸಿಕೊಳ್ಳತೊಡಗಲಿ. ಯಾರಾದರೂ ನಡುವೆ ತಡೆಯಬೇಕು. ಶೇ 35ಕ್ಕೆ ಬೆಳ್ಳಿ ತಂತಿ ಇಬ್ಬರನ್ನು ಕಟ್ಟಲಿ. ಹತ್ತು ಮೀಟರ್ ದೂರ ಸರಿದರೆ ಹರಿಯಲಿ. ಬಲಿಷ್ಠ ತಂಡ ಒಂದೇ ಏಟಿಗೆ ಎರಡೂ ಹಂತ ಹಾರಿಬಿಡುತ್ತದೆ, ಆಗ ಎರಡರ ದಾಳಿಯೂ ಒಟ್ಟಿಗೆ ಶುರುವಾಗಿ ಸ್ಕ್ರಿಪ್ಟ್ ಗೋಜಲಾಗುತ್ತದೆ. ಹಂತ ಬದಲಾಗುವವರೆಗೆ ಹೆಲ್ತ್ ಆ ಅಂಕಿಗಿಂತ ಕೆಳಗಿಳಿಯದಂತೆ ಸರ್ವರ್‌ನಲ್ಲೇ ಬೀಗ ಹಾಕಿ.

ರಂಗಸ್ಥಳಕ್ಕೆ ಬೀದರ್ ಬಳಿಯ ನೌಬಾದಿನ ಸುರಂಗ ಬಾವಿ, ಅಂದರೆ ನೆಲದಡಿಯ ಹಳೆ ನೀರುಗಾಲುವೆಯೇ ಮಾದರಿ. ಮೇಲಿನ ಬಾವಿಗಳಿಂದ ಇಳಿಯುವ ಬೆಳಕಿನ ವೃತ್ತವೇ ಮಡಿಕೆ ಬೀಳುವ ಗುರುತು. ಬೇರೆ ಬಾಣದ ಗುರುತು ಬೇಡ. ಆದರೆ ಸುರಂಗದ ಅಗಲವನ್ನು ಇದ್ದಂತೆ ತರಬೇಡಿ, ಕ್ಯಾಮೆರಾ ಗೋಡೆಯೊಳಗೆ ಹೊಕ್ಕು ಬಾಸ್‌ನ ಬೆನ್ನು ಬಿಟ್ಟು ಬೇರೇನೂ ಕಾಣದು. 30 ಮೀಟರ್ ಅಗಲ ಇರಲಿ.

ದೊಡ್ಡ ಏಟಿಗೆ ಮುನ್ಸೂಚನೆ ಕನಿಷ್ಠ ಒಂದೂವರೆ ಸೆಕೆಂಡ್. ಯಾದಗಿರಿಯ ಹಳ್ಳಿಯಲ್ಲಿ ಮೊಬೈಲ್ ಡೇಟಾದಲ್ಲಿ ಆಡುವವನ ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಂದೇಶದ ವಿಳಂಬ) 200 ಮಿಲಿಸೆಕೆಂಡ್ ಇದ್ದರೂ ಓಡಲು ಸಮಯ ಸಿಗಬೇಕು. ಅಪಾಯದ ವೃತ್ತಕ್ಕೆ ಕೆಂಪು ಬಣ್ಣವೊಂದೇ ಸಾಲದು, ಅಂಚು ಮಿನುಗಲಿ. ಕೆಂಪು-ಹಸಿರು ಬೇರ್ಪಡಿಸಲಾಗದ ಆಟಗಾರರಿದ್ದಾರೆ.

ಪರೀಕ್ಷೆಗೆ ಬೂದು ಪೆಟ್ಟಿಗೆಯನ್ನೇ ಬಾಸ್ ಎಂದು ನಿಲ್ಲಿಸಿ. ಆಡುವವರಿಗೆ ಏನೂ ಹೇಳಬೇಡಿ. ಪ್ರತಿ ಸಾವಿನ ನಂತರ ‘ಯಾಕೆ ಸತ್ತಿರಿ?’ ಎಂದಷ್ಟೇ ಕೇಳಿ ಬರೆದುಕೊಳ್ಳಿ. ‘ಗೊತ್ತಾಗಲಿಲ್ಲ’ ಎಂಬ ಉತ್ತರ ಯಾವ ದಾಳಿಗೆ ಹೆಚ್ಚು ಬರುತ್ತದೋ ಮೊದಲು ಅದರ ಮುನ್ಸೂಚನೆ ತಿದ್ದಿ, ಡ್ಯಾಮೇಜ್ ಕಡಿಮೆ ಮಾಡಬೇಡಿ. ಎಲ್ಲರೂ ಸತ್ತಾಗ ಹೆಲ್ತ್ ಜೊತೆಗೆ ಮಡಿಕೆ, ಮೈಮೇಲಿನ ಮಣ್ಣು, 60 ಸೆಕೆಂಡಿನ ತಡೆ ಮೂರೂ ಅಳಿಯುತ್ತವೆಯೇ ನೋಡಿ. ಮೂರನೆಯದು ಮರೆಯುವುದೇ ಹೆಚ್ಚು.