ಐಚ್ಛಿಕ ಇಂಗ್ಲಿಷ್: ಗೈಡ್ ಮುಚ್ಚಿಟ್ಟು ಓದುವ ಬಗೆ

ದ್ವಿತೀಯ ಪಿಯುಸಿ ಮುಗಿಸಿ ಬಿ.ಎ.ಗೆ ಸೇರುವಾಗ ಐಚ್ಛಿಕ ಇಂಗ್ಲಿಷ್ ಆಯ್ದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಎರಡು ನಿರೀಕ್ಷೆಗಳಿರುತ್ತವೆ. ಮೂರು ವರ್ಷ ಓದಿದರೆ ಇಂಗ್ಲಿಷ್ ಸರಾಗವಾಗಿ ಮಾತನಾಡಲು ಬರುತ್ತದೆ ಎಂಬುದು ಒಂದು, ಮುಂದೆ ಉಪನ್ಯಾಸಕ ಹುದ್ದೆಗೆ ದಾರಿಯಾಗುತ್ತದೆ ಎಂಬುದು ಇನ್ನೊಂದು. ಈ ಎರಡೂ ಕೈಗೂಡಬಹುದು. ಆದರೆ ವಿಷಯದ ತಿರುಳು ಬೇರೆಯೇ ಇದೆ. ಒಂದು ಬರಹವನ್ನು ಸಾಲುಸಾಲಾಗಿ ಗಮನವಿಟ್ಟು ಓದುವುದು, ಓದಿದ್ದರ ಬಗ್ಗೆ ಆಧಾರ ಕೊಟ್ಟು ಬರೆಯುವುದು, ಈ ಎರಡು ಕೆಲಸಗಳನ್ನು ಕಲಿಸುವುದಕ್ಕಾಗಿಯೇ ಇಂಗ್ಲಿಷ್ ಸಾಹಿತ್ಯ ಎಂಬ ಪಠ್ಯವಿಷಯ ಇರುವುದು. ಗೈಡ್ ಮತ್ತು ಡಿಕ್ಟೇಷನ್ ನೋಟ್ಸನ್ನೇ ನಂಬಿದವರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ, ಈ ಎರಡು ಕೆಲಸಗಳನ್ನು ಮಾತ್ರ ಕಲಿಯದೆ ಹೊರಬರುತ್ತಾರೆ.

ಸೇರುವ ಮೊದಲು ಕೇಳಿ ತಿಳಿಯಬೇಕಾದದ್ದು

ಕರ್ನಾಟಕದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಪದವಿ ಜಾರಿಗೆ ಬಂದಿತ್ತು. 2024–25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್‌ಗಳ ಪದವಿ ಬಂದಿದೆ. ಹೀಗಾಗಿ ಅಣ್ಣನೋ ಅಕ್ಕನೋ ಓದಿದ ಸಿಲೆಬಸ್ ನಿಮಗೆ ಅನ್ವಯಿಸದೆ ಇರಬಹುದು. ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಆ ವಿಶ್ವವಿದ್ಯಾಲಯದ ಜಾಲತಾಣದಿಂದ ಈಗಿನ ಪಠ್ಯಕ್ರಮವನ್ನೇ ಇಳಿಸಿಕೊಂಡು, ನಿಗದಿಯಾದ ಕವಿತೆ, ನಾಟಕ, ಕಾದಂಬರಿಗಳ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಎಲ್ಲ ಬಿ.ಎ. ವಿದ್ಯಾರ್ಥಿಗಳೂ ಓದುವ ಭಾಷಾ ವಿಷಯದ ಇಂಗ್ಲಿಷ್ ಬೇರೆ, ಐಚ್ಛಿಕ ಇಂಗ್ಲಿಷ್ ಬೇರೆ ಎಂಬುದು ಪ್ರವೇಶದ ಅರ್ಜಿ ತುಂಬುವಾಗ ನೆನಪಿರಲಿ. ವಿಜ್ಞಾನ ಅಥವಾ ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಬಿ.ಎ.ಗೆ ಸೇರಬಹುದು. ದೆಹಲಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಆನರ್ಸ್ ಓದುವ ಆಸೆ ಇರುವವರು ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆಂದು 2022ರಿಂದ ನಡೆಯುತ್ತಿರುವ ಸಿಯುಇಟಿ ಎಂಬ ಸಾಮಾನ್ಯ ಪರೀಕ್ಷೆಗೆ ಪಿಯುಸಿಯಲ್ಲಿದ್ದಾಗಲೇ ಅರ್ಜಿ ಹಾಕಬೇಕಾಗುತ್ತದೆ.

ಕಾಲೇಜು ಆರಿಸುವಾಗ ಕಟ್ಟಡ ನೋಡುವುದಕ್ಕಿಂತ ಅಲ್ಲಿ ಓದುತ್ತಿರುವ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಮಾತನಾಡಿಸುವುದು ಮೇಲು. ಅವರಿಗೆ ಕೇಳಬೇಕಾದ ಪ್ರಶ್ನೆ ಇಷ್ಟೇ: ತರಗತಿಯಲ್ಲಿ ಮೂಲ ಕೃತಿಯನ್ನು ತೆರೆದು ಓದುತ್ತಾರೆಯೇ, ಇಲ್ಲವೇ ನೋಟ್ಸ್ ಬರೆಸುತ್ತಾರೆಯೇ? ನೋಟ್ಸ್ ಬರೆಸುವ ಕಾಲೇಜೇ ಹತ್ತಿರದ್ದು ಎಂದಾದರೆ ಅಲ್ಲಿಗೆ ಸೇರಿದರೂ ತೊಂದರೆಯಿಲ್ಲ, ಮೂಲ ಕೃತಿ ಓದುವ ಕೆಲಸವನ್ನು ನೀವೇ ವಹಿಸಿಕೊಳ್ಳಬೇಕು, ಅಷ್ಟೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಷೇಕ್ಸ್‌ಪಿಯರ್‌ನಿಂದ ಹಾರ್ಡಿಯವರೆಗಿನ ಬಹುತೇಕ ಪಠ್ಯಗಳಿಗೆ ಹಣ ಖರ್ಚು ಮಾಡಬೇಕಾಗಿಲ್ಲ.

ಒಂದು ಕವಿತೆಯನ್ನು ಮೂರು ಸಲ ಓದುವುದು

ಓದುವ ಕ್ರಮವನ್ನು ಒಂದು ಉದಾಹರಣೆಯ ಮೂಲಕವೇ ನೋಡೋಣ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ‘ಮೈ ಲಾಸ್ಟ್ ಡಚೆಸ್’ 56 ಸಾಲುಗಳ ಕವಿತೆ. ಇಂಗ್ಲಿಷ್ ಓದುವವರಿಗೆ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಎದುರಾಗುವಂಥದ್ದು. ಇಟಲಿಯ ಫೆರಾರದ ಡ್ಯೂಕ್ ಒಬ್ಬ ತನ್ನ ಅರಮನೆಯಲ್ಲಿ ಅತಿಥಿಯೊಬ್ಬನಿಗೆ ಪರದೆ ಸರಿಸಿ, ಗತಿಸಿದ ಹೆಂಡತಿಯ ಚಿತ್ರಪಟವನ್ನು ತೋರಿಸುತ್ತ ಮಾತನಾಡುತ್ತಾನೆ. ಗೈಡಿನಲ್ಲಿ ಇದರ ಸಾರಾಂಶ ಅರ್ಧ ಪುಟದಲ್ಲಿ ಮುಗಿದು, ಡ್ಯೂಕ್ ಕ್ರೂರಿ, ಅಹಂಕಾರಿ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಆ ತೀರ್ಪು ಸುಳ್ಳಲ್ಲ. ಆದರೆ ಅದನ್ನು ಮೊದಲೇ ತಿಳಿದುಕೊಂಡವರಿಗೆ ಕವಿತೆ ಅದನ್ನು ಹೇಗೆ ತೋರಿಸಿಕೊಡುತ್ತದೆ ಎಂಬುದು ಕಾಣುವುದೇ ಇಲ್ಲ.

ಮೊದಲ ಸಲ ಕವಿತೆಯನ್ನು ನಿಘಂಟು ಮುಟ್ಟದೆ, ಗಟ್ಟಿಯಾಗಿ ಓದಿ. ಅರ್ಥವಾಗದ ಸಾಲುಗಳನ್ನು ಹಾಗೆಯೇ ಬಿಟ್ಟು ಮುಂದೆ ಸಾಗಿ. ಮಾತನಾಡುತ್ತಿರುವವನ ದನಿ ಕಿವಿಗೆ ಬಿದ್ದರೆ ಸಾಕು. ಎರಡನೆಯ ಸಲ ಪೆನ್ಸಿಲ್ ಹಿಡಿದು, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಯಾರು ಮಾತನಾಡುತ್ತಿದ್ದಾರೆ, ಯಾರಿಗೆ, ಎಲ್ಲಿ ನಿಂತು, ಯಾತಕ್ಕೆ ಎಂಬುದನ್ನು ಅಂಚಿನಲ್ಲಿ ಗುರುತು ಮಾಡುತ್ತ ಹೋಗಿ. ಆಗ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. ಕೇಳುತ್ತಿರುವವನು ಯಾರೆಂಬುದು 49ನೆಯ ಸಾಲಿನವರೆಗೂ ಓದುಗರಿಗೆ ಗೊತ್ತಾಗುವುದಿಲ್ಲ. ಅವನು ಒಬ್ಬ ಕೌಂಟ್‌ನ ದೂತ. ಆ ಕೌಂಟ್‌ನ ಮಗಳನ್ನು ಡ್ಯೂಕ್ ಮದುವೆಯಾಗಲು ಹೊರಟಿದ್ದಾನೆ. ವರದಕ್ಷಿಣೆಯ ಪ್ರಸ್ತಾಪವೂ ಅಲ್ಲಿಯೇ ಬರುತ್ತದೆ. ಇಷ್ಟು ತಿಳಿದ ಮೇಲೆ ಮೊದಲ ಸಾಲಿಗೆ ಮರಳಿದರೆ ಕವಿತೆಯೇ ಬೇರೆಯಾಗಿ ಕೇಳಿಸುತ್ತದೆ. ಹೆಂಡತಿ ಸೂರ್ಯಾಸ್ತಕ್ಕೂ, ಯಾರೋ ತಂದುಕೊಟ್ಟ ಚೆರ್ರಿ ಹಣ್ಣಿನ ಕೊಂಬೆಗೂ, ತಾನು ಸವಾರಿ ಮಾಡುವ ಬಿಳಿ ಹೇಸರಗತ್ತೆಗೂ ಒಂದೇ ಬಗೆಯಾಗಿ ಸಂತೋಷಪಡುತ್ತಿದ್ದಳು, ಗಂಡ ಕೊಟ್ಟ ಒಂಬೈನೂರು ವರ್ಷದ ಮನೆತನದ ಹೆಸರನ್ನೂ ಅವುಗಳ ಸಾಲಿಗೇ ಸೇರಿಸಿದಳು ಎಂದು ಡ್ಯೂಕ್ ದೂರುವುದು ಹಳೆಯ ನೋವನ್ನು ತೋಡಿಕೊಳ್ಳುವುದಕ್ಕಾಗಿ ಅಲ್ಲ, ಬರಲಿರುವ ಹೊಸ ಹೆಂಡತಿ ಹೇಗಿರಬೇಕು ಎಂಬ ಎಚ್ಚರಿಕೆಯನ್ನು ಅವಳ ತಂದೆಗೆ ಮುಟ್ಟಿಸುವುದಕ್ಕಾಗಿ ಎಂದು ವಾದಿಸಲು ಅವಕಾಶ ಸಿಗುತ್ತದೆ.

ಮೂರನೆಯ ಸಲ, ಕವಿತೆ ಹೇಳದೆ ಬಿಟ್ಟದ್ದನ್ನೂ ಅದರ ಕಟ್ಟನ್ನೂ ನೋಡಿ. ತಾನು ಆಜ್ಞೆಗಳನ್ನು ಕೊಟ್ಟೆ, ಆಮೇಲೆ ನಗೆಯೆಲ್ಲ ಒಟ್ಟಿಗೇ ನಿಂತಿತು ಎಂದಷ್ಟೇ ಡ್ಯೂಕ್ ಹೇಳುತ್ತಾನೆ. ಅವಳನ್ನು ಏನು ಮಾಡಲಾಯಿತು ಎಂದು ಬಾಯಿಬಿಡುವುದಿಲ್ಲ, ಮರುಕ್ಷಣವೇ ಕೆಳಗೆ ಕಾದಿರುವವರನ್ನು ನೋಡಲು ಹೋಗೋಣವೆಂದು ಅತಿಥಿಯನ್ನು ಎಬ್ಬಿಸುತ್ತಾನೆ. ಇನ್ನು ಕಟ್ಟಿನ ಮಾತು. ಎರಡೆರಡು ಸಾಲಿಗೆ ಅಂತ್ಯಪ್ರಾಸವಿದ್ದರೂ ವಾಕ್ಯಗಳು ಸಾಲಿನ ಕೊನೆಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯುವುದರಿಂದ ಪ್ರಾಸ ಕಿವಿಗೆ ಅಷ್ಟಾಗಿ ತಾಗುವುದಿಲ್ಲ. ಸಹಜವಾದ ಲೋಕಾಭಿರಾಮದಂತೆ ಕೇಳಿಸುವ ಮಾತಿನ ಅಡಿಯಲ್ಲಿ ಬಿಗಿಯಾದ ಹಿಡಿತವೊಂದು ಕೆಲಸ ಮಾಡುತ್ತಿರುತ್ತದೆ, ಡ್ಯೂಕ್‌ನ ಸ್ವಭಾವದಲ್ಲಿರುವ ಹಾಗೆಯೇ. ಪ್ರಾಸ, ಛಂದಸ್ಸುಗಳನ್ನು ಗುರುತಿಸಿ ಹೆಸರಿಸಿದರೆ ಅರ್ಧ ಕೆಲಸವಾದಂತೆ. ಅವು ಕವಿತೆಯ ಅರ್ಥಕ್ಕೆ ಏನು ಸೇರಿಸಿದವು ಎಂದು ಹೇಳಿದಾಗ ಓದು ಪೂರ್ಣವಾಗುತ್ತದೆ.

ಕೇಂಬ್ರಿಡ್ಜ್‌ನಲ್ಲಿ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಯ ಹೆಸರನ್ನೂ ಕಾಲವನ್ನೂ ಮುಚ್ಚಿಟ್ಟು ಕವಿತೆಗಳನ್ನು ವಿದ್ಯಾರ್ಥಿಗಳ ಕೈಗಿತ್ತು ಅಭಿಪ್ರಾಯ ಬರೆಸುತ್ತಿದ್ದರು. ಆ ಅನುಭವದ ಪುಸ್ತಕ 1929ರಲ್ಲಿ ಪ್ರಕಟವಾಯಿತು. ಗೆಳೆಯರು ನಾಲ್ಕು ಮಂದಿ ಸೇರಿದರೆ ಈ ಅಭ್ಯಾಸವನ್ನು ಕಾಲೇಜಿನ ಜಗಲಿಯ ಮೇಲೂ ಮಾಡಬಹುದು.

ಉತ್ತರ ಬರೆಯುವ ಕ್ರಮ

ಡ್ಯೂಕ್‌ನ ಪಾತ್ರವನ್ನು ವಿವೇಚಿಸಿ ಎಂಬ ಪ್ರಶ್ನೆಗೆ ಬರುವ ಉತ್ತರಗಳು ಹೆಚ್ಚಾಗಿ ಬ್ರೌನಿಂಗ್ 1812ರಲ್ಲಿ ಹುಟ್ಟಿದ ಎಂಬಲ್ಲಿಂದ ಶುರುವಾಗಿ, ವಿಕ್ಟೋರಿಯಾ ಯುಗದ ವರ್ಣನೆಗೆ ಒಂದು ಪುಟ, ಕಥಾಸಾರಕ್ಕೆ ಒಂದು ಪುಟ ಕೊಟ್ಟು, ಪ್ರಶ್ನೆಯನ್ನು ಕೊನೆಯ ನಾಲ್ಕು ಸಾಲಿನಲ್ಲಿ ಮುಟ್ಟುತ್ತವೆ. ಇದನ್ನು ತಿರುಗುಮುರುಗು ಮಾಡಬೇಕು. ಬರೆಯಲು ಕೂರುವ ಮೊದಲು ನಿಮ್ಮ ವಾದವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಉದಾಹರಣೆಗೆ: ಹೆಂಡತಿಯ ತಪ್ಪುಗಳನ್ನು ಹೇಳಲು ಹೊರಟ ಡ್ಯೂಕ್, ಹೇಳುತ್ತ ಹೇಳುತ್ತ ತನ್ನ ವಿರುದ್ಧವೇ ಸಾಕ್ಷಿ ನುಡಿಯುತ್ತಾನೆ. ಈ ವಾಕ್ಯವನ್ನು ಯಾರಾದರೂ ಒಪ್ಪದಿರಲು ಸಾಧ್ಯವೇ ಎಂದು ಕೇಳಿಕೊಳ್ಳಿ. ಸಾಧ್ಯವಿದ್ದರೆ ಅದು ವಾದ. ಇಲ್ಲದಿದ್ದರೆ ಅದು ಬರಿಯ ಮಾಹಿತಿ.

ಆಮೇಲೆ ಆ ವಾದಕ್ಕೆ ಕವಿತೆಯಿಂದ ಮೂರು ಆಧಾರಗಳನ್ನು ಹುಡುಕಿ, ಒಂದೊಂದಕ್ಕೂ ಒಂದು ಪ್ಯಾರಾ ಮೀಸಲಿಡಿ. ಪ್ಯಾರಾದಲ್ಲಿ ಮೊದಲು ನಿಮ್ಮ ಮಾತು, ನಂತರ ಕವಿತೆಯ ಐದಾರು ಪದಗಳ ಉದ್ಧರಣೆ, ಆಮೇಲೆ ಅದರ ವಿವರಣೆ ಬರಲಿ. ವಿವರಣೆ ಉದ್ಧರಣೆಗಿಂತ ಉದ್ದವಾಗಿರಬೇಕು. ಎಂಟು ಸಾಲು ಉದ್ಧರಿಸಿ ಒಂದು ಸಾಲು ವಿವರಿಸುವುದು ಪುಟ ತುಂಬಿಸುವ ಉಪಾಯವೆಂದು ಮೌಲ್ಯಮಾಪಕರಿಗೆ ತಕ್ಷಣ ಗೊತ್ತಾಗುತ್ತದೆ. ಬರೆದದ್ದನ್ನು ಒಂದು ದಿನ ಬಿಟ್ಟು ಗಟ್ಟಿಯಾಗಿ ಓದಿ ತಿದ್ದಿ. ವಾಕ್ಯಗಳು ಚಿಕ್ಕದಾಗಿದ್ದರೆ ನಾಚಿಕೆಪಡಬೇಕಿಲ್ಲ. ಅರ್ಥ ತಿಳಿಯದೆ ಎರವಲು ತಂದ ದೊಡ್ಡ ಪದಗಳಿಗಿಂತ ವ್ಯಾಕರಣ ಶುದ್ಧವಾದ ಸರಳ ವಾಕ್ಯವೇ ಅಂಕ ತರುತ್ತದೆ. ವಾರಕ್ಕೊಂದು ಪುಟ ಹೀಗೆ ಬರೆದು, ಉಪನ್ಯಾಸಕರಿಗೋ ಸಹಪಾಠಿಗೋ ಕೊಟ್ಟು ತಿದ್ದಿಸಿಕೊಳ್ಳುವವರ ಇಂಗ್ಲಿಷ್ ಎರಡನೆಯ ವರ್ಷದ ಹೊತ್ತಿಗೆ ಗುರುತು ಸಿಗದಷ್ಟು ಸುಧಾರಿಸುತ್ತದೆ. ಎಐ ಚಾಟ್‌ಬಾಟ್‌ನಿಂದ ಪ್ರಬಂಧ ಬರೆಸಿ ಒಪ್ಪಿಸುವ ರೂಢಿ ಈಗ ಹಬ್ಬಿದೆ. ಪರೀಕ್ಷೆಯ ಕೊಠಡಿಯ ಮಾತು ಹಾಗಿರಲಿ, ಓದಿ ಯೋಚಿಸಿ ವಾಕ್ಯ ಕಟ್ಟುವ ಶ್ರಮದಲ್ಲೇ ಈ ವಿಷಯದ ಕಲಿಕೆಯೆಲ್ಲ ನಡೆಯುವುದರಿಂದ, ಆ ಶ್ರಮವನ್ನು ಬೇರೆಡೆಗೆ ದಾಟಿಸಿದವರಿಗೆ ಕಲಿಯಲು ಏನೂ ಉಳಿಯುವುದಿಲ್ಲ.

ಕಾದಂಬರಿಗಳಿಗೆ ರಜೆಯ ದಿನಗಳನ್ನು ಬಳಸಿಕೊಳ್ಳಿ; ಸೆಮಿಸ್ಟರ್ ನಡುವೆ 400 ಪುಟ ಓದಿ ಮುಗಿಸುವುದು ಕಷ್ಟ. ನಾಟಕವನ್ನು ಪಾತ್ರ ಹಂಚಿಕೊಂಡು ಓದಬೇಕು.

ಚರಿತ್ರೆ, ಸಿದ್ಧಾಂತ ಮತ್ತು ಕನ್ನಡ

ಸಾಹಿತ್ಯ ಚರಿತ್ರೆ ಮತ್ತು ವಿಮರ್ಶಾ ಸಿದ್ಧಾಂತದ ಪತ್ರಿಕೆಗಳಿಗೆ ವಿದ್ಯಾರ್ಥಿಗಳು ಹೆದರುತ್ತಾರೆ. ಯುಗಗಳ ಹೆಸರು, ಇಸವಿಗಳನ್ನು ಗೋಡೆಯ ಮೇಲೊಂದು ಕಾಲಪಟ್ಟಿ ಬರೆದು ಅಂಟಿಸಿಕೊಂಡರೆ ಆ ಹೆದರಿಕೆ ಅರ್ಧ ಹೋಗುತ್ತದೆ. ಆದರೆ ಈ ವಿಷಯ ನಮ್ಮ ತರಗತಿಗೆ ಬಂದ ಬಗೆಯನ್ನು ಪ್ರತಿಯೊಬ್ಬರೂ ತಿಳಿದಿರಬೇಕು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ ಪ್ರತ್ಯೇಕ ಅಧ್ಯಯನ ವಿಭಾಗ ಆರಂಭವಾದದ್ದು 1894ರಲ್ಲಿ. ಬ್ರಿಟಿಷ್ ಅಧಿಕಾರಿ ಮೆಕಾಲೆಯ ಟಿಪ್ಪಣಿಯ ಬೆನ್ನಿಗೆ ಭಾರತದಲ್ಲಿ ಸರ್ಕಾರ ಇಂಗ್ಲಿಷ್ ಶಿಕ್ಷಣವನ್ನು ಬೆಂಬಲಿಸಲು ತೀರ್ಮಾನಿಸಿದ್ದು ಅದಕ್ಕೂ ಬಹಳ ಮೊದಲೇ, 1835ರಲ್ಲಿ. ಇಂಗ್ಲಿಷ್ ಸಾಹಿತ್ಯವನ್ನು ಇಲ್ಲಿ ಯಾತಕ್ಕಾಗಿ ಕಲಿಸಿದರು ಎಂಬ ಪ್ರಶ್ನೆಯಿಂದಲೇ, ವಸಾಹತು ಆಳ್ವಿಕೆಯ ಪರಿಣಾಮಗಳನ್ನು ಪರಿಶೀಲಿಸುವ ವಸಾಹತೋತ್ತರ ಅಧ್ಯಯನದ ಒಂದು ಭಾಗ ಹುಟ್ಟಿದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ಸೆಮಿಸ್ಟರ್ ಓದಿನ ವೇಗದ ತೊಂದರೆ ಇದ್ದೇ ಇರುತ್ತದೆ, ದಿನಕ್ಕೆ ಹತ್ತು ಪುಟದ ನಿಯಮ ಹಾಕಿಕೊಂಡರೆ ಅದು ಕಳೆಯುತ್ತದೆ. ಸಾಹಿತ್ಯವನ್ನು ಗ್ರಹಿಸುವ ಶಕ್ತಿಯಲ್ಲಿ ಅವರಿಗೆ ಕೊರತೆಯೇನಿಲ್ಲ. ತಾಳಮದ್ದಲೆಯಲ್ಲಿ ಅರ್ಥಧಾರಿಯೊಬ್ಬರು ಕೌರವನಾಗಿ ಕುಳಿತು ಕೌರವನ ಪಕ್ಷವನ್ನೇ ಸಮರ್ಥಿಸುವಾಗ ಪಾತ್ರದ ಮಾತಿನಿಂದಲೇ ಪಾತ್ರದ ದೋಷವನ್ನು ಗ್ರಹಿಸಿದ ಪ್ರೇಕ್ಷಕರಿಗೆ ಬ್ರೌನಿಂಗ್‌ನ ಡ್ಯೂಕ್ ಹೊಸಬನೇನೂ ಅಲ್ಲ. ಇಂಗ್ಲಿಷ್ ಪಾಠ ಹೇಳುತ್ತ ಕನ್ನಡಕ್ಕೆ ಬರೆದವರ ಸಾಲು ಬಿ.ಎಂ.ಶ್ರೀ, ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್ ಎಂದು ಉದ್ದಕ್ಕೂ ಬೆಳೆಯುತ್ತದೆ. ಕಾರ್ಡಿನಲ್ ನ್ಯೂಮನ್‌ನ ಇಂಗ್ಲಿಷ್ ಪ್ರಾರ್ಥನೆಯನ್ನೂ ಅದರ ಅನುವಾದವಾದ ಬಿ.ಎಂ.ಶ್ರೀಯವರ ‘ಕರುಣಾಳು ಬಾ ಬೆಳಕೆ’ಯನ್ನೂ ಎದುರುಬದುರು ಇಟ್ಟುಕೊಂಡು ಓದಿದರೆ ಎರಡು ಭಾಷೆಗಳ ಲಯವೂ ಒಟ್ಟಿಗೆ ಅರಿವಿಗೆ ಬರುತ್ತದೆ. ಕನ್ನಡ ಓದನ್ನು ನಿಲ್ಲಿಸಿ ಇಂಗ್ಲಿಷ್ ಸಾಹಿತ್ಯ ಓದಿ ಎಂಬ ಸಲಹೆಯನ್ನು ಯಾರು ಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ.

ಪದವಿಯ ನಂತರ

ಪ್ರೌಢಶಾಲೆಯಲ್ಲಿ ಪಾಠ ಹೇಳಲು ಬಿ.ಇಡಿ. ಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎ. ಜೊತೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಥವಾ ಕೆಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ದಾಟುವುದು ರೂಢಿಯ ದಾರಿ. ನೆಟ್‌ನಲ್ಲಿ ಮೊದಲ ಪತ್ರಿಕೆಗೆ 50, ವಿಷಯದ ಪತ್ರಿಕೆಗೆ 100 ಪ್ರಶ್ನೆಗಳು, ಎರಡೂ ಸೇರಿ ಮೂರು ಗಂಟೆ, 300 ಅಂಕ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು 500 ಅಂಕಗಳ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಎಂ.ಎ.ಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲದೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವನ್ನೂ ಗಮನಿಸಿ.

ಪತ್ರಿಕೆ, ಪ್ರಕಾಶನ, ಅನುವಾದ, ಬೆಂಗಳೂರಿನ ಕಂಪನಿಗಳ ಟೆಕ್ನಿಕಲ್ ರೈಟಿಂಗ್ ಮುಂತಾದ ಕೆಲಸಗಳಿಗೆ ಅರ್ಜಿ ಹಾಕುವವರನ್ನು ಅಂಕಪಟ್ಟಿಯ ಜೊತೆಗೆ ಬರಹದ ಮಾದರಿಯನ್ನೂ ಕೇಳುವುದುಂಟು. ಅದಕ್ಕಾಗಿ ಮೊದಲ ಸೆಮಿಸ್ಟರ್‌ನಿಂದಲೇ ಒಂದು ಕಡತ ಇಟ್ಟುಕೊಳ್ಳಿ. ತಿದ್ದಿಸಿಕೊಂಡ ಪ್ರಬಂಧಗಳಲ್ಲಿ ಚೆನ್ನಾಗಿ ಬಂದ ನಾಲ್ಕೈದು, ಕನ್ನಡದಿಂದ ಇಂಗ್ಲಿಷಿಗೆ ಮಾಡಿದ ಒಂದು ಅನುವಾದ, ಕಾಲೇಜು ವಾರ್ಷಿಕ ಸಂಚಿಕೆಗೆ ಬರೆದ ಒಂದು ಲೇಖನ ಅದರಲ್ಲಿರಲಿ. ಪ್ರತಿಯೊಂದರ ಮೇಲೂ ತಾರೀಕು ಬರೆದು, ತಿದ್ದುಪಡಿಯ ಗುರುತುಗಳಿರುವ ಮೊದಲ ಕರಡನ್ನೂ ಅದರ ಹಿಂದೆಯೇ ಲಗತ್ತಿಸಿಡಿ.